ಬಣ್ಣದ ಗಾಜಿನ ಕೆಲಸಕ್ಕೆ ಮೊದಲ ಸಲಕರಣೆಗಳು



1912ರಲ್ಲಿ ಮುಗಿದ ಮೈಸೂರು ಅರಮನೆಯ ಕಲ್ಯಾಣಮಂಟಪದಲ್ಲಿ ತಲೆಯೆತ್ತಿ ಗಾಜಿನ ನವಿಲುಗಳನ್ನು ನೋಡಿ ಬೆರಗಾದವರು ನಮ್ಮಲ್ಲಿ ಹಲವರು. ನಿತ್ಯ ಗಾಡಿಯಿಳಿಯುವ ಬೋರಿಬಂದರಿನ ಗುಮ್ಮಟದಲ್ಲೂ ಬಣ್ಣದ ಗಾಜುಂಟು. ನೋಡಲು ನಮಗೆ ಪುರಸೊತ್ತಿಲ್ಲ, ಅಷ್ಟೆ. ಆ ಕೆಲಸವನ್ನು ರಜೆಯ ದಿನ ಅಂಗೈಯಗಲದಲ್ಲಿ ನಾವೂ ಮಾಡಬಹುದು.

ಸಂಬಳದ ಹಣವನ್ನು ಎರಡು ವಸ್ತುಗಳಿಗೆ ಹಾಕೋಣ. ಮೊದಲನೆಯದು ಕಾರ್ಬೈಡ್ ಚಕ್ರದ ಕಟರು. ಅದು ಗಾಜನ್ನು ಕತ್ತರಿಸುವುದಿಲ್ಲ, ಗೀರುತ್ತದೆ. ಗಾಜು ಗೀರಿನ ಗುಂಟ ಮುರಿಯುತ್ತದೆ. ಚಕ್ರಕ್ಕೆ ಹನಿ ಸೀಮೆಎಣ್ಣೆ ತಾಗಿಸಿ ಒಂದೇ ಸಲ ಎಳೆಯಬೇಕು. ಅದೇ ಗೀರಿನ ಮೇಲೆ ಮತ್ತೆ ಎಳೆದರೆ ಚಕ್ರವೂ ಕೆಟ್ಟೀತು, ಗಾಜೂ ಅಡ್ಡಾದಿಡ್ಡಿ ಒಡೆದೀತು. ಕಲಿಯಲು ಬಣ್ಣದ ಗಾಜೇಕೆ? ಫೋಟೋ ಕಟ್ಟುಹಾಕುವ ಅಂಗಡಿಯ ಚೂರುಗಳು ಸಾಕು.

ಎರಡನೆಯದು ಬೆಸುಗೆಯ ಐರನು. ರೇಡಿಯೋ ರಿಪೇರಿಯ 25 ವಾಟಿನದು ಸಾಲದು. 80ರಿಂದ 100 ವಾಟ್ ಬೇಕು. ತುಂಡುಗಳ ಅಂಚಿಗೆ ತಾಮ್ರದ ಅಂಟುಪಟ್ಟಿ ಸುತ್ತಿ, ಫ್ಲಕ್ಸ್ ಸವರಿ, 60 ಪಾಲು ತವರ, 40 ಪಾಲು ಸೀಸದ ತಂತಿ ಕರಗಿಸುವುದು. ಮುರಿಯಲೊಂದು ಇಕ್ಕಳ, ಅಂಚು ತಿಕ್ಕಲು ಒದ್ದೆ ಸಾಣೆಕಲ್ಲು. ಮೋಟಾರಿನ ಗ್ರೈಂಡರು ಆಮೇಲಾಯಿತು.

ಕಣ್ಣು ಕಾಯುವ ಕನ್ನಡಕದಲ್ಲಿ ಮಾತ್ರ ಜಿಪುಣತನ ಬೇಡ.

ಸೀಸ ವಿಷ, ಮಕ್ಕಳ ಬುದ್ಧಿಯ ಬೆಳವಣಿಗೆಗೇ ಕುತ್ತು. ಡೊಂಬಿವಲಿ, ಕಲ್ಯಾಣಗಳಲ್ಲಿ ಎಷ್ಟೋ ಮಂದಿಗೆ ಅಡುಗೆ, ಊಟ, ನಿದ್ದೆ ಎಲ್ಲ ಒಂದೇ ಕೋಣೆಯಲ್ಲಿ. ಅಲ್ಲಿ ಬೆಸುಗೆ ಬೇಡವೇ ಬೇಡ. ಸೀಸವಿಲ್ಲದ ತಂತಿಯೂ ಸಿಗುತ್ತದೆ, ಬೆಲೆ ಹೆಚ್ಚು. ಆದರೆ ಫ್ಲಕ್ಸಿನ ಹೊಗೆ ಅದರಲ್ಲೂ ತಪ್ಪದು. ಗಾಳಿಯಾಡುವ ಬೇರೆ ಜಾಗ ಸಿಗುವವರೆಗೆ, ಮಕ್ಕಳು ಹತ್ತಿರವಿಲ್ಲದಾಗ ಕಾಗದ ಹಾಸಿಕೊಂಡು, ಕೊಯ್ಯುವುದನ್ನಷ್ಟೇ ಅಭ್ಯಾಸಮಾಡೋಣ. ಗಾಜಿನ ಪುಡಿಯನ್ನು ಬರಿಗೈಯಿಂದ ಗುಡಿಸದೆ, ಒದ್ದೆಬಟ್ಟೆಯಲ್ಲಿ ಒತ್ತಿ ತೆಗೆದು, ಆ ಬಟ್ಟೆಯನ್ನೂ ಕಾಗದದಲ್ಲಿ ಸುತ್ತಿ ಎಸೆಯಬೇಕು.