ಗೆದ್ದಾಗ ನಾವು, ಸೋತಾಗ ಯಾರು?

ಇವತ್ತು ಒಂದು ಸೋಲಿನ ಮಾತು ಹೇಳಲಿಕ್ಕೆ ನಿಮ್ಮ ಮುಂದೆ ಬಂದಿದ್ದೇನೆ. ಸೋತದ್ದು ನಮ್ಮ ದೇಶದ ಕ್ರಿಕೆಟ್ ತಂಡ. ಆದರೆ ಆ ರಾತ್ರಿ ಆಡಬಾರದ ಮಾತು ಆಡಿದವನು ನಾನು.

2023ರ ನವೆಂಬರ್ 19, ಭಾನುವಾರ. ಅಹಮದಾಬಾದಿನಲ್ಲಿ ವಿಶ್ವಕಪ್ ಫೈನಲ್. ಹತ್ತು ಪಂದ್ಯ ಸಾಲಾಗಿ ಗೆದ್ದು ಬಂದಿದ್ದ ತಂಡ ನಮ್ಮದು. ಹಾಲಹರವಿಯಲ್ಲಿ ನಮ್ಮ ಮನೆಯ ಟೀವಿ ಮುಂದೆ ಮಧ್ಯಾಹ್ನದಿಂದಲೇ ಜನ. ನನ್ನ ತಂಗಿ, ಅವಳ ಗಂಡ, ಮಕ್ಕಳೂ ಬಂದಿದ್ದರು. ತಂಗಿಯ ಗಂಡನದು ತೆಲುಗು ಮನೆ. ನಮ್ಮಲ್ಲಿ ಇದೇನು ಹೊಸದಲ್ಲ, ನಿಮಗೇ ಗೊತ್ತು. ಒಂದೇ ಒಲೆಯ ಮುಂದೆ ಎರಡು ಮಾತು ಕುದಿಯುತ್ತವೆ.

ಮೊದಲ ಹತ್ತು ಓವರಿಗೆ 80 ರನ್. ಆಮೇಲೆ ಬಾವಿಯ ನೀರು ಇಳಿದ ಹಾಗೆ ರನ್ ಇಳಿಯಿತು. ಉಳಿದ ನಲವತ್ತು ಓವರಿನಲ್ಲಿ ಬೌಂಡರಿ ಬಂದದ್ದು ನಾಲ್ಕೇ ನಾಲ್ಕು. ನಮ್ಮ ಕರ್ನಾಟಕದ ರಾಹುಲ್ 107 ಚೆಂಡು ಆಡಿ 66 ರನ್ ಮಾಡಿದ. ಒಟ್ಟು 240. ಆಸ್ಟ್ರೇಲಿಯಾದವರ ಮೂರು ವಿಕೆಟ್ 47ಕ್ಕೆ ಬಿದ್ದಾಗ ಕುಣಿದೆವು. ಆಮೇಲೆ ಟ್ರಾವಿಸ್ ಹೆಡ್ ಕುಣಿಯಲು ಬಿಡಲಿಲ್ಲ. ಅವನ 137 ಮುಗಿಸಿ ಹೈದರಾಬಾದಿನ ಸಿರಾಜ್ ವಿಕೆಟ್ ತೆಗೆಯುವಾಗ ಅವರಿಗೆ ಬೇಕಾಗಿದ್ದದ್ದು ಎರಡೇ ರನ್.

ತಂಗಿಯ ಗಂಡ ಎದ್ದು ನಿಂತು, "ನಿಮ್ಮ ರಾಹುಲ್ ಚೆಂಡೆಲ್ಲ ತಿಂದುಬಿಟ್ಟ" ಅಂದ. ನಾನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. "ನಿಮ್ಮ ಸಿರಾಜ್ ಊಟ ಮುಗಿದ ಮೇಲೆ ಎಲೆ ಹಾಕಿದ" ಅಂದೆ. ಅಲ್ಲಿಗೆ ನಿಲ್ಲಲಿಲ್ಲ. ನಿಮ್ಮವರು, ನಮ್ಮವರು ಅನ್ನುವುದು ಆಟಗಾರರನ್ನು ಬಿಟ್ಟು ಮನೆಗೆ ಬಂತು, ಭಾಷೆಗೆ ಬಂತು. ತಂಗಿ ಊಟಕ್ಕೆ ಕೂತವಳು ಎದ್ದಳು. "ಅಣ್ಣಾ, ನಾನು ಯಾರ ಕಡೆಯವಳು, ಅದನ್ನೂ ಹೇಳಿಬಿಡು" ಅಂದು ಮಕ್ಕಳನ್ನು ಎಬ್ಬಿಸಿಕೊಂಡು ಹೊರಟಳು.

ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಬಾಯಿಯ ಚಾಳಿ ನೋಡಿ. ಗೆದ್ದರೆ "ಗೆದ್ದೆವು" ಅನ್ನುತ್ತೇವೆ. ಸೋತರೆ "ಸೋತರು". ತೆಲುಗಿನಲ್ಲೂ ಅಷ್ಟೇ: ಗೆದ್ದರೆ "ಗೆಲಿಚಾಂ", ಸೋತರೆ "ಓಡಿಪೋಯಾರು". ಗಡಿಯಲ್ಲಿರುವ ನಮಗೆ ಇನ್ನೊಂದು ಮೆಟ್ಟಿಲೂ ಇದೆ: ಬಹಳ ಸೋತರೆ "ನಿಮ್ಮವನು ಸೋಲಿಸಿದ".

ರಾಹುಲ್ ಮಾಡಿದ ತಪ್ಪಾದರೂ ಏನು? ಅದೇ ವಿಶ್ವಕಪ್ಪಿನಲ್ಲಿ, ಅಕ್ಟೋಬರ್ 8ರಂದು ಚೆನ್ನೈಯಲ್ಲಿ, ಇದೇ ಆಸ್ಟ್ರೇಲಿಯಾದ ಎದುರು 2 ರನ್ನಿಗೆ ಮೂರು ವಿಕೆಟ್ ಹೋಗಿದ್ದಾಗ ಔಟಾಗದೆ 97 ಹೊಡೆದು ಗೆಲ್ಲಿಸಿದವನು ಅವನೇ. ಫೈನಲಿಗೆ ಒಂದು ವಾರ ಮುಂಚೆ ಬೆಂಗಳೂರಿನಲ್ಲಿ 64 ಚೆಂಡಿಗೆ 102 ಹೊಡೆದವನೂ ಅವನೇ. ಆವತ್ತು ಆ ನೆಲದಲ್ಲಿ ಬ್ಯಾಟಿಗೆ ಚೆಂಡು ಸರಿಯಾಗಿ ಬರಲಿಲ್ಲ, ಇನ್ನೊಂದು ಕಡೆ ವಿಕೆಟ್ ಉಳಿಯಲಿಲ್ಲ. ಮಳೆ ಕೈಕೊಟ್ಟ ವರ್ಷ ಹೊಲದವನನ್ನು ಸೋಮಾರಿ ಅನ್ನಬಹುದೇ?

ಹಳಬರಿಗೆ 1996ರ ಮಾರ್ಚ್ 13 ನೆನಪಿರಬೇಕು. ಕಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಶ್ರೀಲಂಕಾ ಎದುರು ಸೆಮಿಫೈನಲ್. ಒಂದು ವಿಕೆಟ್ಟಿಗೆ 98 ಇದ್ದದ್ದು ನೋಡನೋಡುತ್ತಾ ಎಂಟಕ್ಕೆ 120 ಆಯಿತು. ಜನ ಬಾಟಲಿ ಎಸೆದರು, ಬೆಂಕಿ ಹಚ್ಚಿದರು. ರೆಫರಿ ಕ್ಲೈವ್ ಲಾಯ್ಡ್ ಆಟ ನಿಲ್ಲಿಸಿ ಪಂದ್ಯ ಶ್ರೀಲಂಕಾಕ್ಕೆ ಕೊಟ್ಟರು. ಔಟಾಗದೆ ಉಳಿದಿದ್ದ ಕಾಂಬ್ಳಿ ಅಳುತ್ತಾ ಹೊರಗೆ ನಡೆದ. ಅಂಥ ಜನರನ್ನು ನಾನೂ ಬೈದಿದ್ದೆ. 2023ರಲ್ಲಿ ನನ್ನ ಮನೆಯಲ್ಲಿ ನಾನು ಎಸೆದದ್ದೂ ಬಾಟಲಿಯೇ ಅಲ್ಲವೇ?

ನಮ್ಮ ಆಲೂರು, ಆದೋನಿ, ರಾಯದುರ್ಗ ಒಂದು ಕಾಲಕ್ಕೆ ಬಳ್ಳಾರಿ ಜಿಲ್ಲೆಯವು. 1953ರ ಅಕ್ಟೋಬರ್ 1ರಂದು ಗೆರೆ ಬಿತ್ತು, ಬಳ್ಳಾರಿ ಆ ಕಡೆ ಹೋಯಿತು, ನಾವು ಈ ಕಡೆ ಉಳಿದೆವು. ಆ ಗೆರೆಯನ್ನು ಹೆಣ್ಣು ಕೊಟ್ಟು, ಹೆಣ್ಣು ತಂದು, ಜೊತೆಯಾಗಿ ಆದೋನಿಗೆ ಹತ್ತಿ ಸಾಗಿಸಿ ನಮ್ಮ ಹಿರಿಯರು ಅಳಿಸಿದರು. ನಾನು ಒಂದು ಪಂದ್ಯಕ್ಕಾಗಿ ಅದನ್ನು ಮತ್ತೆ ಎಳೆದೆ, ಅದೂ ಊಟದ ಮನೆಯಲ್ಲಿ.

ಎಂಟು ದಿನ ಬಿಟ್ಟು ತಂಗಿಯ ಮನೆಗೆ ಹೋದೆ. ಅವಳ ಗಂಡ ಮಾತಾಡಲಿಲ್ಲ, ನೀರು ತಂದಿಟ್ಟ. ನಾನು ತೆಲುಗಿನಲ್ಲಿ ತಪ್ಪಾಯಿತು ಅಂದೆ. ಅವನು ಕನ್ನಡದಲ್ಲಿ, "ಹೋಗಲಿ ಬಿಡು" ಅಂದ. ತಂಗಿ ಮಾತ್ರ ಇನ್ನೂ ಒಮ್ಮೊಮ್ಮೆ ಅದನ್ನು ಎತ್ತುತ್ತಾಳೆ. ಎತ್ತಲಿ.

2024ರ ಜೂನ್ 29ರಂದು ಬಾರ್ಬಡೋಸಿನಲ್ಲಿ ದಕ್ಷಿಣ ಆಫ್ರಿಕಾವನ್ನು 7 ರನ್ನಿನಿಂದ ಸೋಲಿಸಿ ನಮ್ಮ ತಂಡ ಟಿ-ಟ್ವೆಂಟಿ ವಿಶ್ವಕಪ್ ಎತ್ತಿತು. ತರಬೇತುದಾರ ನಮ್ಮ ರಾಹುಲ್ ದ್ರಾವಿಡ್. 2007ರಲ್ಲಿ ಅದೇ ವೆಸ್ಟ್ ಇಂಡೀಸಿನಲ್ಲಿ ಅವರು ನಾಯಕರಾಗಿದ್ದ ತಂಡ ಮೊದಲ ಸುತ್ತಿನಲ್ಲೇ ಹೊರಬಿದ್ದಿತ್ತು. ಹದಿನೇಳು ವರ್ಷ ಕಾದ ಮನುಷ್ಯ ಕಪ್ ಹಿಡಿದು ಕೂಗಿದ್ದನ್ನು ನೋಡಿ ನಾವಿಬ್ಬರೂ ಕೂಗಿದೆವು. ಯಾವ ಭಾಷೆಯಲ್ಲಿ ಅಂತ ನೆನಪಿಲ್ಲ.

ಮುಂದೆಯೂ ಸೋಲುತ್ತೇವೆ, ಬಂಧುಗಳೇ. ಸಿಟ್ಟು ಬರಲಿ, ಅದು ಪ್ರೀತಿಯ ಇನ್ನೊಂದು ಮುಖ. ಆದರೆ ಅವತ್ತು ಬಾಯಿ ತೆರೆದು "ಸೋತೆವು" ಅನ್ನಿ. "ನಾವು" ಅನ್ನುವ ಮಾತನ್ನು ಸೋತ ದಿನವೂ ಬಿಡಬೇಡಿ.