ಮೋಡವೇ ಪೊದೆಯಾದ ಪೆಟ್ಟಿಗೆ

ಮಕ್ಕಳೇ, ‘ಸೂಪರ್ ಮಾರಿಯೊ ಬ್ರದರ್ಸ್’ ಆಟವನ್ನು ನೀವು ಆಡಿರಬಹುದು, ಇಲ್ಲವೇ ಯಾರಾದರೂ ಆಡುವಾಗ ಪಕ್ಕದಲ್ಲಿ ಕೂತು ನೋಡಿರಬಹುದು. ಮುಂದಿನ ಸಲ ಆಟ ಶುರುವಾದ ಕೂಡಲೇ ಮಾರಿಯೊನನ್ನು ಓಡಿಸಬೇಡಿ. ಅವನು ಒಂದು ಗಳಿಗೆ ಅಲ್ಲೇ ನಿಂತಿರಲಿ. ಮೇಲೆ ಆಕಾಶದಲ್ಲಿ ಬಿಳಿ ಮೋಡ ಇದೆ, ಕೆಳಗೆ ನೆಲದ ಮೇಲೆ ಹಸಿರು ಪೊದೆ ಇದೆ. ಮೋಡದ ಅಂಚಿನ ಗುಂಟ ಕಣ್ಣಲ್ಲೇ ಗೆರೆ ಎಳೆಯುತ್ತಾ ಹೋಗಿ. ಆಮೇಲೆ ಪೊದೆಯ ಅಂಚಿಗೂ ಹಾಗೇ ಮಾಡಿ. ಗೊತ್ತಾಯಿತೇ? ಎರಡರ ಉಬ್ಬುಗಳ ಆಕಾರವೂ ಒಂದೇ! ಮೋಡಕ್ಕೇ ಹಸಿರು ಬಣ್ಣ ಹಚ್ಚಿ ನೆಲಕ್ಕೆ ಇಳಿಸಿದ್ದಾರೆ.

ಪೊದೆಗೆಂದು ಬೇರೆ ಚಿತ್ರ ಬರೆಯಲು ಆಟ ಮಾಡಿದವರಿಗೆ ಸೋಮಾರಿತನವಿತ್ತೇ? ಖಂಡಿತ ಇಲ್ಲ. ಆ ಆಟ ಓಡುತ್ತಿದ್ದ ಪೆಟ್ಟಿಗೆಯೊಳಗೆ ಜಾಗ ತುಂಬಾ ಕಡಿಮೆ ಇತ್ತು. ಎಷ್ಟು ಕಡಿಮೆ, ಅಷ್ಟರಲ್ಲೇ ಹೇಗೆ ಸಂಸಾರ ತೂಗಿಸಿದರು ಅಂತ ಒಳಗೆ ಇಣುಕಿ ನೋಡೋಣ, ಬನ್ನಿ.

ಪೆಟ್ಟಿಗೆಯ ಹೆಸರು ಫ್ಯಾಮಿಕಾಂ. ಜಪಾನಿನ ಕ್ಯೋಟೊ ನಗರದ ನಿಂಟೆಂಡೊ ಕಂಪನಿ ಅದನ್ನು 1983ರ ಜುಲೈ 15ರಂದು ಮಾರಾಟಕ್ಕೆ ತಂದಿತು. ಮಸಾಯುಕಿ ಉಯೆಮುರಾ ಎಂಬ ಎಂಜಿನಿಯರ್ ಮತ್ತು ಅವರ ತಂಡ ಸೇರಿ ರೂಪಿಸಿದ ಕೆಂಪು-ಬಿಳಿ ಬಣ್ಣದ ಪುಟ್ಟ ಯಂತ್ರ ಅದು. 1985ರಲ್ಲಿ ಅಮೆರಿಕಕ್ಕೆ ಹೋಗುವಾಗ ಬೂದು ಬಣ್ಣದ ದೊಡ್ಡ ಮೈ ತೊಟ್ಟು ‘ಎನ್‌ಇಎಸ್’ ಎಂಬ ಹೆಸರು ಪಡೆಯಿತು. ನಮ್ಮ ಊರುಗಳಲ್ಲಿ 1990ರ ದಶಕದಲ್ಲಿ ‘ಟಿವಿ ಗೇಮ್’ ಎಂದು ಮಾರುತ್ತಿದ್ದ ಪೆಟ್ಟಿಗೆಗಳಲ್ಲಿ ಎಷ್ಟೋ ಇದೇ ಫ್ಯಾಮಿಕಾಂನ ನಕಲುಗಳು. ನಿಮ್ಮ ಸೋದರಮಾವನನ್ನೋ ಚಿಕ್ಕಮ್ಮನನ್ನೋ ಕೇಳಿ, ಕಣ್ಣರಳಿಸಿ ‘ಕಾಂಟ್ರಾ’ ಆಟದ ಕಥೆ ಶುರು ಮಾಡಿಯಾರು. ಆಟ ತುಂಬಿದ ದಪ್ಪ ಪ್ಲಾಸ್ಟಿಕ್ ಡಬ್ಬಿಯನ್ನು ಅವರು ‘ಕ್ಯಾಸೆಟ್’ ಎನ್ನುತ್ತಿದ್ದರು. ನಾವೂ ಹಾಗೇ ಕರೆಯೋಣ.

ಪೆಟ್ಟಿಗೆಯ ಒಳಗೆ ಒಂದು ಬೋರ್ಡ್ ಇದೆ. ಅದರ ಮೇಲೆ ಕಪ್ಪಗೆ ಉದ್ದಕ್ಕೆ ಕೂತಿರುವ ಎರಡು ದೊಡ್ಡ ಚಿಪ್‌ಗಳೇ ಮನೆಯ ಯಜಮಾನರು. ಒಂದು ಲೆಕ್ಕ ಮಾಡುತ್ತದೆ: ಮಾರಿಯೊ ಎಲ್ಲಿದ್ದಾನೆ, ಎಷ್ಟು ಜೀವ ಉಳಿದಿದೆ, ಬಟನ್ ಒತ್ತಿದರೇ ಇಲ್ಲವೇ ಎಂಬುದೆಲ್ಲ ಅದರ ಕೆಲಸ. ಸದ್ದು ಹೊರಡಿಸುವುದೂ ಅದೇ. ಇನ್ನೊಂದು ಬರೀ ಚಿತ್ರ ಬರೆಯುತ್ತದೆ. ಲೆಕ್ಕದ ಚಿಪ್ಪಿನ ಒಳಗಿನ ಗಡಿಯಾರ ಸೆಕೆಂಡಿಗೆ ಸುಮಾರು 17.9 ಲಕ್ಷ ಸಲ ಮಿಡಿಯುತ್ತದೆ.

ಲೆಕ್ಕ ಮಾಡುವವರಿಗೆ ಒಂದು ಕಚ್ಚಾ ಹಾಳೆ ಬೇಕಲ್ಲವೇ? ಈ ಚಿಪ್ಪಿಗೆ ಸಿಕ್ಕ ಹಾಳೆಯಲ್ಲಿ ಬರೀ 2,048 ಬೈಟ್ ಜಾಗ. ಬೈಟ್ ಅಂದರೆ ಒಂದೇ ಒಂದು ಸಂಖ್ಯೆ ಬರೆದಿಡುವಷ್ಟು ಸ್ಥಳ, ಅದೂ 0ಯಿಂದ 255ರ ಒಳಗಿನ ಸಂಖ್ಯೆ. ‘ದಿ ಲೆಜೆಂಡ್ ಆಫ್ ಜೆಲ್ಡಾ’ ಎಂಬ ಆಟದಲ್ಲಿ ನೀವು ಎಷ್ಟೇ ಹಣ ಕೂಡಿಸಿದರೂ 255 ದಾಟುವುದಿಲ್ಲ. ಯಾಕೆಂದು ಈಗ ನಿಮಗೇ ಹೊಳೆದಿರಬೇಕು.

ಇನ್ನು ಚಿತ್ರದ ಚಿಪ್. ನನಗೆ ಈ ಇಡೀ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದರ ಜಾಣತನ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ಕೂರೋಣ. ಟಿವಿಯ ಮೇಲೆ ಅದು ಬರೆಯುವ ಚಿತ್ರ 256 ಚುಕ್ಕಿ ಅಗಲ, 240 ಚುಕ್ಕಿ ಎತ್ತರ. ಗುಣಿಸಿ ನೋಡಿ, 61,440 ಚುಕ್ಕಿಗಳಾದವು. ಈ ಚಿಪ್ಪಿಗೆಂದು ಬೇರೆಯಾಗಿ ಕೊಟ್ಟಿರುವ ಜಾಗವೂ 2,048 ಬೈಟ್ ಮಾತ್ರ. ಅಷ್ಟೊಂದು ಚುಕ್ಕಿಗಳ ಬಣ್ಣವನ್ನು ಒಂದೊಂದಾಗಿ ಬರೆದಿಡಲು ಅದು ಎಲ್ಲಿ ಸಾಲುತ್ತದೆ?

ನಿಮ್ಮ ಗಣಿತದ ಚೌಕಳಿ ಪುಸ್ತಕವನ್ನು ನೆನಪಿಸಿಕೊಳ್ಳಿ. ಅಡ್ಡಕ್ಕೆ 32 ಚೌಕ, ಉದ್ದಕ್ಕೆ 30 ಚೌಕ ಇರುವ ಒಂದು ಪುಟ. ನಿಮ್ಮ ಬಳಿ 256 ಬಗೆಯ ಅಚ್ಚುಗಳಿವೆ, ಪ್ರತಿಯೊಂದಕ್ಕೂ ಒಂದು ನಂಬರು. ಒಂದರಲ್ಲಿ ಇಟ್ಟಿಗೆಯ ಮೂಲೆ, ಇನ್ನೊಂದರಲ್ಲಿ ಮೋಡದ ಉಬ್ಬು, ಮತ್ತೊಂದರಲ್ಲಿ ಬರೀ ಖಾಲಿ ಆಕಾಶ. ಪುಟದ ಮೇಲೆ ನೀವು ಚಿತ್ರ ಬರೆಯುವುದಿಲ್ಲ. ಯಾವ ಚೌಕಕ್ಕೆ ಯಾವ ಅಚ್ಚು ಒತ್ತಬೇಕು ಎಂಬ ನಂಬರನ್ನಷ್ಟೇ ಬರೆಯುತ್ತೀರಿ. ಆ ನಂಬರು ನೋಡಿ ಅಚ್ಚು ಒತ್ತುವುದು ಚಿಪ್ಪಿನ ಕೆಲಸ.

32 ಗುಣಿಸು 30 ಅಂದರೆ 960 ನಂಬರುಗಳು. ಯಾವ ಭಾಗಕ್ಕೆ ಯಾವ ಬಣ್ಣಗಳ ಗುಂಪು ಎಂದು ಹೇಳಲು ಇನ್ನೂ 64 ನಂಬರುಗಳು. ಒಟ್ಟು 1,024. ಅಂದರೆ 2,048 ಬೈಟ್‌ಗಳಲ್ಲಿ ಸರಿಯಾಗಿ ಎರಡು ಪುಟ ಹಿಡಿಸುತ್ತವೆ, ಒಂದು ಬೈಟ್ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಲೆಕ್ಕ ಎಷ್ಟು ಚೊಕ್ಕವಾಗಿದೆ ನೋಡಿ! ಅಚ್ಚಿನ ನಂಬರು ಬೇರೆ, ಬಣ್ಣದ ನಂಬರು ಬೇರೆ ಇರುವುದರಿಂದಲೇ ಒಂದೇ ಅಚ್ಚು ಮೇಲೆ ಬಿಳಿ ಮೋಡವೂ ಆಯಿತು, ಕೆಳಗೆ ಹಸಿರು ಪೊದೆಯೂ ಆಯಿತು.

ಎರಡನೇ ಪುಟ ಯಾಕೆ ಬೇಕು? ಮಾರಿಯೊ ಬಲಕ್ಕೆ ಓಡಿದಂತೆ ಊರೆಲ್ಲ ಎಡಕ್ಕೆ ಸರಿಯುತ್ತದೆಯಲ್ಲ, ಅದಕ್ಕಾಗಿ. ಎರಡು ಪುಟಗಳನ್ನು ಅಕ್ಕಪಕ್ಕ ಇಟ್ಟು, ಒಂದು ಪುಟದಷ್ಟೇ ದೊಡ್ಡ ಕಿಟಕಿಯನ್ನು ಅವುಗಳ ಮೇಲೆ ಮೆಲ್ಲಗೆ ಜಾರಿಸಿದ ಹಾಗೆ ಊಹಿಸಿ. ನಮಗೆ ಕಾಣುವುದು ಕಿಟಕಿಯೊಳಗಿನದ್ದು ಮಾತ್ರ. ಕಿಟಕಿಯ ಹೊರಗಿರುವ ಭಾಗದಲ್ಲಿ ಮುಂದೆ ಬರಲಿರುವ ಕೊಳವೆ, ಇಟ್ಟಿಗೆ, ಮೋಡಗಳ ನಂಬರುಗಳನ್ನು ಲೆಕ್ಕದ ಚಿಪ್ ಗುಟ್ಟಾಗಿ ಬರೆಯುತ್ತಾ ಇರುತ್ತದೆ. ನೀವು ಅಲ್ಲಿಗೆ ತಲುಪುವಷ್ಟರಲ್ಲಿ ಊರು ಸಿದ್ಧ.

ಓಡಾಡುವ ಮಾರಿಯೊ, ಶತ್ರುಗಳು, ಗುಂಡುಗಳು ಪುಟಕ್ಕೆ ಅಂಟಿದವಲ್ಲ. ಅವು ಪುಟದ ಮೇಲೆ ಬೇಕಾದ ಕಡೆ ಇಡಬಹುದಾದ ಬಿಡಿ ಚೂರುಗಳು. ಒಂದು ಸಲಕ್ಕೆ 64 ಚೂರು ಇಡಬಹುದು, ಆದರೆ ಒಂದೇ ಅಡ್ಡಗೆರೆಯಲ್ಲಿ 8ಕ್ಕಿಂತ ಹೆಚ್ಚು ಚೂರುಗಳನ್ನು ಚಿಪ್ ತೋರಿಸಲಾರದು. ಒಂಬತ್ತನೆಯದು ಬಂದರೆ ಅದು ಕಾಣುವುದೇ ಇಲ್ಲ. ಪಾಪ, ಒಬ್ಬನೇ ಯಾವಾಗಲೂ ಮಾಯವಾಗುವುದು ಸರಿಯಲ್ಲ ಎಂದು ಆಟ ಬರೆಯುವವರು ಸರದಿ ಹಾಕಿದರು: ಈ ಕ್ಷಣ ಇವನು ಮರೆಯಾಗಲಿ, ಮರುಕ್ಷಣ ಅವನು. ಹಳೆಯ ಆಟಗಳಲ್ಲಿ ಶತ್ರುಗಳು ಗುಂಪುಗೂಡಿದಾಗ ಮಿಣಿಮಿಣಿ ಎನ್ನುವುದು ಇದರಿಂದಲೇ. ಪೆಟ್ಟಿಗೆ ಕೆಟ್ಟಿದೆ ಎಂದುಕೊಂಡು ಯಾರೂ ಅದನ್ನು ರಿಪೇರಿಗೆ ಒಯ್ಯಬೇಕಾಗಿಲ್ಲ.

ಹಾಗಾದರೆ ನಿಜವಾಗಿ ಕೆಡುವುದು ಏನು? ಹೆಚ್ಚಾಗಿ ತೊಂದರೆ ಶುರುವಾಗುವುದು ಕ್ಯಾಸೆಟ್ ಮತ್ತು ಪೆಟ್ಟಿಗೆ ಒಂದನ್ನೊಂದು ಮುಟ್ಟುವ ಜಾಗದಲ್ಲಿ. ಕ್ಯಾಸೆಟ್ಟಿನ ಒಳಗೂ ಒಂದು ಪುಟ್ಟ ಬೋರ್ಡ್, ಅದರ ಮೇಲೆ ಆಟವನ್ನೂ ಅಚ್ಚುಗಳನ್ನೂ ತುಂಬಿಟ್ಟ ಚಿಪ್‌ಗಳು ಇರುತ್ತವೆ. ‘ಸೂಪರ್ ಮಾರಿಯೊ ಬ್ರದರ್ಸ್’ ಇಡೀ ಆಟ 40 ಕಿಲೋಬೈಟ್. ಅಮ್ಮನ ಮೊಬೈಲ್‌ನಲ್ಲಿ ತೆಗೆದ ಒಂದು ಫೋಟೊ 3 ಎಂಬಿ ಇದ್ದರೆ, ಆ ಒಂದು ಫೋಟೊದ ಜಾಗದಲ್ಲಿ ಇಂಥ 75 ಆಟಗಳನ್ನು ಇಡಬಹುದು. ಬೋರ್ಡಿನ ಕೆಳ ಅಂಚಿನಲ್ಲಿ ಹೊಳೆಯುವ ಸಣ್ಣ ಸಣ್ಣ ಲೋಹದ ಪಟ್ಟಿಗಳಿವೆ, ಫ್ಯಾಮಿಕಾಂ ಕ್ಯಾಸೆಟ್ಟಿನಲ್ಲಿ 60, ಎನ್‌ಇಎಸ್‌ನದರಲ್ಲಿ 72. ಪೆಟ್ಟಿಗೆಯ ಒಳಗಿನ ಪಿನ್‌ಗಳು ಒಂದೊಂದು ಪಟ್ಟಿಯನ್ನೂ ಸರಿಯಾಗಿ ಮುಟ್ಟಬೇಕು. ಒಂದು ಪಟ್ಟಿ ತಪ್ಪಿದರೂ ಒಂದು ಸಂಖ್ಯೆ ತಪ್ಪಾಗಿ ಹೋಗುತ್ತದೆ. ಆಗ ಪರದೆಯ ತುಂಬ ತಪ್ಪು ಅಚ್ಚುಗಳು ಬಿದ್ದು ಚಿತ್ರ ಚೆಲ್ಲಾಪಿಲ್ಲಿಯಾಗುತ್ತದೆ, ಇಲ್ಲವೇ ಏನೂ ಬರುವುದಿಲ್ಲ.

ಅಮೆರಿಕದ ಎನ್‌ಇಎಸ್‌ನಲ್ಲಿ ಇನ್ನೂ ಒಂದು ಸೋಜಿಗವಿತ್ತು. ಪೆಟ್ಟಿಗೆಯಲ್ಲಿ ಒಂದು ಕಾವಲು ಚಿಪ್, ಕ್ಯಾಸೆಟ್ಟಿನಲ್ಲಿ ಅದರ ಜೋಡಿ. ಎರಡೂ ಒಂದೇ ಸಂಖ್ಯೆಗಳ ಸಾಲನ್ನು ಜೊತೆಜೊತೆಗೆ ಹೇಳುತ್ತಾ ಹೋಗಬೇಕು. ನಕಲಿ ಕ್ಯಾಸೆಟ್ ಬಾರದಿರಲಿ ಎಂದು ಈ ಏರ್ಪಾಡು. ಪಟ್ಟಿಯ ಮೇಲೆ ಕೊಳೆ ಕೂತು ಒಂದರ ಮಾತು ಇನ್ನೊಂದಕ್ಕೆ ಕೇಳಿಸದಿದ್ದರೆ, ಕಾವಲು ಚಿಪ್ ಪೆಟ್ಟಿಗೆಯನ್ನು ಸುಮಾರು ಸೆಕೆಂಡಿಗೊಮ್ಮೆ ಮತ್ತೆ ಮೊದಲಿನಿಂದ ಶುರು ಮಾಡಿಸುತ್ತದೆ. ಮುಂಭಾಗದ ಕೆಂಪು ದೀಪ ಮಿಟುಕುತ್ತಲೇ ಇರುತ್ತದೆ. ಅದರ ಜೊತೆಗೆ, ಕ್ಯಾಸೆಟ್ಟನ್ನು ಎದುರಿನಿಂದ ತೂರಿಸಿ ಕೆಳಗೆ ಒತ್ತುವ ಹಾಗೆ ಎನ್‌ಇಎಸ್ ಮಾಡಿದ್ದರಿಂದ ವರ್ಷಗಳು ಕಳೆದಂತೆ ಪಿನ್‌ಗಳು ಬಾಗಿ ಹಿಡಿತ ಸಡಿಲವಾಗುತ್ತಿತ್ತು. ಫ್ಯಾಮಿಕಾಂನಂತೆ ಮೇಲಿನಿಂದ ನೇರ ಇಳಿಸುವ ವಿಧಾನವೇ ಒಳ್ಳೆಯದು ಎಂದು ನನ್ನ ಎಣಿಕೆ. ಅದರಲ್ಲಿ ಕಾವಲು ಚಿಪ್ ಕೂಡ ಇಲ್ಲ.

ಆಟ ಬಾರದಿದ್ದಾಗ ಅಮೆರಿಕದ ಮಕ್ಕಳಾಗಲಿ ನಮ್ಮೂರಿನ ಮಕ್ಕಳಾಗಲಿ ಮಾಡುತ್ತಿದ್ದದ್ದು ಒಂದೇ: ಕ್ಯಾಸೆಟ್ಟಿನ ಬಾಯಿಗೆ ಬಾಯಿಟ್ಟು ಉಫ್ ಎಂದು ಊದುವುದು. ಎಷ್ಟೋ ಸಲ ಆಮೇಲೆ ಆಟ ಬರುತ್ತಲೂ ಇತ್ತು. ಆದರೆ ಸರಿಮಾಡಿದ್ದು ಊದಿದ ಗಾಳಿಯಲ್ಲ. ಕ್ಯಾಸೆಟ್ಟನ್ನು ತೆಗೆದು ಮತ್ತೆ ಹಾಕುವಾಗ ಪಿನ್‌ಗಳು ಪಟ್ಟಿಗೆ ಉಜ್ಜಿಕೊಂಡು ಕೊಳೆ ಸ್ವಲ್ಪ ಕೆರೆದು ಹೋಗುತ್ತದೆ, ಈ ಸಲ ಬೇರೆ ಕಡೆ ತಾಗುತ್ತವೆ, ಅಷ್ಟೇ. ನಮ್ಮ ಉಸಿರಿನಲ್ಲಿ ತೇವವಿದೆ. ಅಂಗೈ ಮೇಲೆ ‘ಹಾ’ ಎಂದು ಉಸಿರು ಬಿಟ್ಟು ನೋಡಿ, ಗೊತ್ತಾಗುತ್ತದೆ. ಲೋಹಕ್ಕೆ ಗಾಳಿ, ತೇವ ತಾಗುತ್ತಾ ಇದ್ದರೆ ಅದರ ಮೇಲೆ ತೆಳ್ಳಗೆ ಪದರ ಕಟ್ಟುತ್ತದೆ. ಬೆಳಗದೆ ಬಿಟ್ಟ ತಾಮ್ರದ ಚೊಂಬು ಕಪ್ಪಾಗುವುದೂ ಹಾಗೇ. ಊದಬೇಡಿ ಎಂದು ನಿಂಟೆಂಡೊ ಕಂಪನಿಯೇ ಹೇಳಿದೆ.

ಹಾಗಂತ ಚೊಂಬಿಗೆ ಹಚ್ಚುವ ಹುಣಸೆಹಣ್ಣನ್ನು ಇಲ್ಲಿಗೆ ತರಬೇಡಿ! ಹುಳಿಯೂ ನೀರೂ ಬೋರ್ಡಿಗೆ ಆಗಿಬರುವುದಿಲ್ಲ. ಮೊಬೈಲ್ ರಿಪೇರಿ ಮಾಡುವವರು ಬೋರ್ಡ್ ಒರೆಸಲು ಐಸೋಪ್ರೊಪೈಲ್ ಆಲ್ಕೋಹಾಲ್ ಎಂಬ ದ್ರವ ಬಳಸುತ್ತಾರೆ. ಅದು ಕೊಳೆಯನ್ನು ಕರಗಿಸಿ ಬೇಗನೆ ಆರಿಹೋಗುತ್ತದೆ. ಬೆಂಕಿ ಹತ್ತುವ ದ್ರವ ಅದು, ಆದ್ದರಿಂದ ದೊಡ್ಡವರು ಜೊತೆಗಿರಲಿ, ಕಿಟಕಿ ತೆರೆದಿರಲಿ, ಒಲೆ-ದೀಪ ಹತ್ತಿರ ಬೇಡ. ಇಯರ್ ಬಡ್‌ನ ಹತ್ತಿಯ ತುದಿಗೆ ಅದನ್ನು ಸ್ವಲ್ಪ ತಾಗಿಸಿ ಪಟ್ಟಿಗಳ ಮೇಲೆ ಮೆಲ್ಲಗೆ ಒರೆಸಿ. ಹತ್ತಿ ಕಪ್ಪಾದರೆ ಇನ್ನೊಂದು ತೆಗೆದುಕೊಳ್ಳಿ. ಹತ್ತಿ ಬೆಳ್ಳಗೇ ಉಳಿಯುವ ತನಕ ಒರೆಸಿ, ಪೂರ್ತಿ ಒಣಗಿದ ಮೇಲೆ ಕ್ಯಾಸೆಟ್ ಹಾಕಿ. ಕೆಲವರು ಪೆನ್ಸಿಲ್ ರಬ್ಬರಿನಿಂದ ಉಜ್ಜುತ್ತಾರೆ. ಪಟ್ಟಿಯ ಮೇಲಿನ ಲೇಪ ಬಹಳ ತೆಳ್ಳಗಿರುವುದರಿಂದ ನಾನಂತೂ ಅದನ್ನು ಒಪ್ಪುವುದಿಲ್ಲ.

ಕೆಲವು ಕ್ಯಾಸೆಟ್ಟುಗಳ ಒಳಗೆ ನಾಣ್ಯದಂಥ ಬಟನ್ ಸೆಲ್ ಕೂಡ ಇದೆ. 1987ರಲ್ಲಿ ಅಮೆರಿಕಕ್ಕೆ ಬಂದ ‘ಜೆಲ್ಡಾ’ದ ಚಿನ್ನದ ಬಣ್ಣದ ಕ್ಯಾಸೆಟ್ ಅಂಥದ್ದು. ಆಟ ತುಂಬಿದ ಚಿಪ್ಪಿಗೆ ಕರೆಂಟ್ ಇಲ್ಲದಿದ್ದರೂ ಮರೆವಿಲ್ಲ. ಆದರೆ ‘ನೀವು ಎಲ್ಲಿಯವರೆಗೆ ಆಡಿದ್ದೀರಿ’ ಎಂದು ಬರೆದಿಡುವ ಚಿಪ್ಪಿಗೆ ಕರೆಂಟ್ ಹೋದರೆ ಎಲ್ಲ ಮರೆತುಹೋಗುತ್ತದೆ. ಪೆಟ್ಟಿಗೆ ಆರಿಸಿದ ಮೇಲೂ ಅದನ್ನು ಎಚ್ಚರವಾಗಿ ಇಟ್ಟಿರುವುದು ಆ ಪುಟ್ಟ 3 ವೋಲ್ಟಿನ ಸೆಲ್. ಅದು ಬರಿದಾದರೆ ಆಟ ಆಡಲು ಬರುತ್ತದೆ, ಉಳಿಸಿಡಲು ಮಾತ್ರ ಬರುವುದಿಲ್ಲ. ಸೆಲ್ಲನ್ನು ಬೆಸುಗೆ ಹಾಕಿ ಕೂರಿಸಿರುತ್ತಾರೆ, ಬದಲಿಸುವುದು ಬಲ್ಲವರ ಕೆಲಸ.

ಪ್ಲಗ್ಗಿನ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. ಜಪಾನಿನ ಮನೆಗಳಿಗೆ ಬರುವ ಕರೆಂಟ್ 100 ವೋಲ್ಟ್, ನಮ್ಮದು 230. ಅಲ್ಲಿಂದ ಬಂದ ಹಳೆಯ ಅಡಾಪ್ಟರನ್ನು ನಮ್ಮ ಗೋಡೆಗೆ ನೇರವಾಗಿ ಚುಚ್ಚಿದರೆ ಸುಟ್ಟುಹೋಗುತ್ತದೆ. ಅಣ್ಣತಮ್ಮಂದಿರಾದರೂ ಫ್ಯಾಮಿಕಾಂಗೆ ಬೇಕಾದದ್ದು 10 ವೋಲ್ಟ್ ಡಿಸಿ, ಎನ್‌ಇಎಸ್ ಅಡಾಪ್ಟರ್ ಕೊಡುವುದು 9 ವೋಲ್ಟ್ ಎಸಿ. ಎನ್‌ಇಎಸ್ ಅಡಾಪ್ಟರನ್ನು ಫ್ಯಾಮಿಕಾಂಗೆ ಹಾಕಿದರೂ ಪೆಟ್ಟಿಗೆ ಹಾಳು. ಒಳಗೆ ಬಂದ ಕರೆಂಟನ್ನು ಚಿಪ್‌ಗಳಿಗೆ ಬೇಕಾದ 5 ವೋಲ್ಟಿಗೆ ಇಳಿಸುವ ಒಂದು ಬಿಡಿಭಾಗವಿದೆ. ಇಳಿಸುವಾಗ ಉಳಿದದ್ದೆಲ್ಲ ಬಿಸಿಯಾಗಿ ಹೊರಬರುತ್ತದೆ, ಹಾಗಾಗಿ ಆಡುವಾಗ ಪೆಟ್ಟಿಗೆಯ ಮೇಲೆ ಬಟ್ಟೆ ಹೊದಿಸಬಾರದು.

ಬೂದು ಎನ್‌ಇಎಸ್ ಹಳದಿ ತಿರುಗಿದ್ದರೆ ಚಿಂತೆ ಬೇಡ. ಪ್ಲಾಸ್ಟಿಕ್ಕಿಗೆ ವರ್ಷಗಟ್ಟಲೆ ಬೆಳಕು ಮತ್ತು ಗಾಳಿ ತಾಗಿ ಹಾಗಾಗುತ್ತದೆ. ಬಿಸಿಲು ಬೀಳದ ಕಡೆ ಇಟ್ಟರೆ ಸಾಕು. ಫ್ಯಾಮಿಕಾಂ ತಯಾರಿಕೆ 2003ರಲ್ಲಿ ನಿಂತಿತು, ಬಿಡಿಭಾಗ ಸಿಗದೆ 2007ರಲ್ಲಿ ನಿಂಟೆಂಡೊ ಅದರ ರಿಪೇರಿಯನ್ನೂ ನಿಲ್ಲಿಸಿತು. ಈಗ ಅದರ ಆರೈಕೆ ಏನಿದ್ದರೂ ಇಟ್ಟುಕೊಂಡವರದೇ.

ಕೊನೆಗೆ, ಪೆಟ್ಟಿಗೆಗೆ ಜೋಡಿಸುವ ಆಟದ ಬಂದೂಕು. 1984ರ ‘ಡಕ್ ಹಂಟ್’ ಆಟದಲ್ಲಿ ಟಿವಿಗೆ ಗುರಿಯಿಟ್ಟು ಬಾತುಕೋಳಿ ಹೊಡೆಯಬೇಕು. ಬಂದೂಕಿನಿಂದ ಟಿವಿಗೆ ಏನೋ ಹಾರುತ್ತದೆ ಎಂದುಕೊಂಡಿರಾ? ಅದು ತಿರುಗುಮುರುಗು. ಬಂದೂಕಿನ ನಳಿಗೆಯೊಳಗೆ ಬೆಳಕನ್ನು ನೋಡುವ ಒಂದು ಕಣ್ಣಿದೆ. ಕುದುರೆ ಎಳೆದ ಕೂಡಲೇ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗುತ್ತದೆ. ಮರುಕ್ಷಣ ಮೊದಲ ಬಾತುಕೋಳಿಯ ಜಾಗದಲ್ಲಿ ಬಿಳಿ ಚೌಕ, ಎರಡು ಕೋಳಿ ಇದ್ದರೆ ಅದರ ಮುಂದಿನ ಕ್ಷಣ ಎರಡನೆಯದರ ಜಾಗದಲ್ಲಿ. ಕಣ್ಣಿಗೆ ಯಾವ ಕ್ಷಣದಲ್ಲಿ ಬೆಳಕು ಕಂಡಿತು ಎಂಬುದರಿಂದ ಯಾವ ಕೋಳಿಗೆ ಗುರಿಯಿಟ್ಟಿರಿ ಎಂದು ಪೆಟ್ಟಿಗೆಗೆ ತಿಳಿಯುತ್ತದೆ. ಕಪ್ಪಾದಾಗಲೂ ಬೆಳಕು ಕಂಡರೆ, ಇವರು ಬಲ್ಬಿಗೆ ಗುರಿಯಿಟ್ಟಿದ್ದಾರೆ ಎಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸೆಕೆಂಡಿನ ಅರವತ್ತನೇ ಒಂದು ಪಾಲಿನಲ್ಲಿ ಒಂದೊಂದು ಚಿತ್ರ ಮುಗಿಯುವುದರಿಂದ ನಮಗೆ ಕಾಣುವುದು ಬರೀ ಒಂದು ಮಿಂಚು.

ಇಂದಿನ ಚಪ್ಪಟೆ ಟಿವಿ ಬಂದ ಚಿತ್ರವನ್ನು ತಿದ್ದಿ ತೀಡಿ, ಸ್ವಲ್ಪ ತಡವಾಗಿ ತೋರಿಸುತ್ತದೆ. ಬೆಳಕು ಬರುವಷ್ಟರಲ್ಲಿ ಕಾಯುವ ಕ್ಷಣ ಕಳೆದಿರುತ್ತದೆ, ಕೋಳಿ ಹಾರಿಹೋಗಿರುತ್ತದೆ. ಹಾಗಾಗಿ ಆ ಬಂದೂಕಿಗೆ ಹಳೆಯ ಡಬ್ಬಾ ಟಿವಿಯೇ ಬೇಕು. ಗುಜರಿಗೆ ಹೊರಟ ಅಂಥ ಟಿವಿ ಎಲ್ಲಾದರೂ ಕಂಡರೆ ಉಳಿಸಿಕೊಳ್ಳೋಣ ಎಂದು ಮನೆಯವರನ್ನು ಕೇಳಿ ನೋಡಿ. ಅದರ ಬೆನ್ನು ಮಾತ್ರ ಬಿಚ್ಚಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯದಷ್ಟು ವಿದ್ಯುತ್ ಉಳಿದಿರಬಹುದು.