ಊರಿನ ಹಾಡು ಮದ್ದೇ?



ಸಂಗೀತಕ್ಕೆ ಭಾಷೆಯ ಹಂಗಿಲ್ಲ ಎಂಬ ಮಾತು ನಮ್ಮ ವೇದಿಕೆಗಳಲ್ಲಿ ಬಹಳ ಅಗ್ಗವಾಗಿಬಿಟ್ಟಿದೆ. ವಲಸೆ ಬಂದವರಿಗೆ ಸಂಗೀತದ ಮೂಲಕ ಚಿಕಿತ್ಸೆ ನೀಡಹೊರಟವರು ಮೊದಲು ಅನುಮಾನಿಸಬೇಕಾದದ್ದು ಈ ಮಾತನ್ನೇ.

ಪರದೇಶದಲ್ಲಿರುವವರ ಊರಿನ ಹಂಬಲವನ್ನು ಕಾಯಿಲೆಯೆಂದು ಗುರುತಿಸಿ 'ನಾಸ್ಟಾಲ್ಜಿಯಾ' ಎಂದು ಹೆಸರಿಟ್ಟವನು ಯೋಹಾನೆಸ್ ಹೋಫರ್. 1688ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಬರೆದ ವೈದ್ಯಕೀಯ ಪ್ರಬಂಧದಲ್ಲಿ. ಆಗ ಸ್ವಿಸ್ ತರುಣರು ಅನ್ಯ ರಾಜರ ಸೈನ್ಯಗಳಲ್ಲಿ ಕೂಲಿ ಸಿಪಾಯಿಗಳಾಗುತ್ತಿದ್ದರು. ಅವರ ಬೆಟ್ಟಗಳಲ್ಲಿ ದನಗಾಹಿಗಳು ಹಸುಗಳನ್ನು ಕರೆಯಲು ಹಾಡುವ ಒಂದು ಧಾಟಿಯಿತ್ತು. ಅದನ್ನು ಕೇಳಿದರೆ ಸಿಪಾಯಿಗಳು ಅಳುವರು, ಓಡಿಹೋಗುವರು, ಸತ್ತೇ ಹೋಗುವರು. ಆದ್ದರಿಂದ ಪಾಳೆಯದಲ್ಲಿ ಅದನ್ನು ನುಡಿಸಿದರೆ ಮರಣದಂಡನೆಯಿತ್ತು ಎಂದು ರೂಸೋ 1768ರ ತನ್ನ ಸಂಗೀತ ನಿಘಂಟಿನಲ್ಲಿ ಬರೆದ. ದಂಡನೆಯ ಮಾತು ದಂತಕಥೆಯೇ ಇರಬಹುದು. ಅವನ ವಿವರಣೆ ಮಾತ್ರ ಗಟ್ಟಿಯಾದದ್ದು: ಪರಕೀಯರಿಗೆ ಆ ಧಾಟಿಯಲ್ಲಿ ವಿಶೇಷವೇನೂ ಕೇಳಿಸದು, ಸಿಪಾಯಿಯನ್ನು ಅಳಿಸುವುದು ಸ್ವರವಲ್ಲ, ಅದು ಎಬ್ಬಿಸುವ ನೆನಪು.

ಸ್ವರದ ವಿಷಯವೂ ಅಷ್ಟೆ. ಯೂರೋಪಿನ ಕಿವಿಗೆ 'ಮೈನರ್' ಎಂಬ ಸ್ವರಶ್ರೇಣಿ ಸಾಮಾನ್ಯವಾಗಿ ದುಃಖದ್ದು. ಅದರ ಮೂಲರೂಪದ ಸ್ವರಗಳೇ ನಮ್ಮ ನಠಭೈರವಿ ಮೇಳದವು. ಆದರೂ ಆ ಮೇಳದ ಜನ್ಯವಾದ ಹಿಂದೋಳ ಕೇಳಿ ನಾವು ಕಣ್ಣೊರೆಸಿಕೊಳ್ಳುವುದಿಲ್ಲ.

ಹಾಗಾದರೆ, ಮಾತು ತಿಳಿಯದ ನಿರಾಶ್ರಿತೆಯೊಬ್ಬಳು ಎದುರು ಕುಳಿತಾಗ ಚಿಕಿತ್ಸಕ ಮಾಡುವುದೇನು? 'ಅವಳ ದೇಶದ ಹಾಡು' ಎಂದು ಯಾವುದೋ ಧ್ವನಿಮುದ್ರಿಕೆ ಹಾಕುವುದಂತೂ ಅಲ್ಲ. ಅದು ಅವಳನ್ನು ಊರು ಬಿಡಿಸಿದವರ ಹಾಡೂ ಆಗಿರಬಹುದು.

ಒಂದು ದಾರಿ ಸಿಕ್ಕಿದ್ದು ಮಕ್ಕಳಿಂದ. ಅಮೆರಿಕದ ಸಂಗೀತ ಸಂಯೋಜಕ ಪಾಲ್ ನಾರ್ಡಾಫ್, ಬ್ರಿಟನ್ನಿನ ಶಿಕ್ಷಕ ಕ್ಲೈವ್ ರಾಬಿನ್ಸ್ 1959ರಲ್ಲಿ ಇಂಗ್ಲೆಂಡಿನಲ್ಲಿ ವಿಶೇಷ ಚೇತನ ಮಕ್ಕಳೊಡನೆ ಕೆಲಸ ಆರಂಭಿಸಿದರು. ಮಗು ಡ್ರಮ್ ಬಡಿಯಲಿ, ಅಳಲಿ, ಆ ಲಯಕ್ಕೆ, ಆ ಶ್ರುತಿಗೆ ಪಿಯಾನೋ ಹೊಂದಿಸಿ ಸ್ಥಳದಲ್ಲೇ ನುಡಿಸುವುದು ಅವರ ಕ್ರಮ. ನಮ್ಮ ತನಿ ಆವರ್ತನದಲ್ಲಿ ಮೃದಂಗ ಬಿಟ್ಟಲ್ಲಿಂದ ಘಟ ಎತ್ತಿಕೊಳ್ಳುತ್ತದಲ್ಲ, ಹೆಚ್ಚು ಕಡಿಮೆ ಹಾಗೆ. ವಲಸಿಗರೊಡನೆಯೂ ಚಿಕಿತ್ಸಕ ಮೊದಲು ಕಾಯುತ್ತಾನೆ. ಅವಳ ಬೆರಳು ಮೇಜನ್ನು ಕುಟ್ಟಿದರೆ ಸಾಕು, ಅಲ್ಲಿಂದಲೇ ಸಂಭಾಷಣೆ.

ಸಂಗೀತವಿದೆಯಲ್ಲ, ದುಭಾಷಿಯ ಖರ್ಚೇಕೆ ಎಂದು ಕೇಳುವ ಆಡಳಿತಗಾರರು ಎಲ್ಲ ದೇಶಗಳಲ್ಲೂ ಇರುತ್ತಾರೆ. ಲಯದಿಂದ ಭಯ ತಿಳಿಯಬಹುದು, ಆದರೆ ಯಾರ ಭಯವೆಂಬುದು ತಿಳಿಯದು. ರಾತ್ರಿ ನಿದ್ದೆ ಬಂತೇ, ನಾವು ಬಾರಿಸುತ್ತಿರುವ ಡ್ರಮ್ ಅವಳಿಗೆ ಗುಂಡಿನ ಸದ್ದಾಗಿ ಕೇಳಿಸುತ್ತಿದೆಯೇ ಎಂಬುದನ್ನು ಅವಳ ಭಾಷೆಯಲ್ಲೇ ಕೇಳಬೇಕು.